ಚೋಕ್ ಎಳೆಯುವ ಕೈ

ಪಟಾನ್‌ಚೆರುವಿನಿಂದ ಬೀದರಿಗೆ ಸುಮಾರು 100 ಕಿಲೋಮೀಟರ್. ಸಂಗಾರೆಡ್ಡಿ, ಸದಾಶಿವಪೇಟೆ ದಾಟಿ, ಜಹೀರಾಬಾದಿನಲ್ಲಿ ಸೊಲ್ಲಾಪುರದ ಹೆದ್ದಾರಿಯನ್ನು ಬಿಟ್ಟು ಬಲಕ್ಕೆ ಹೊರಳಿದರೆ ಮುಂದೆ ನಮ್ಮೂರ ಕೆಂಪು ಮಣ್ಣು. ಈ ದಾರಿಯನ್ನು ನಾನು ಎರಡು ಕಾರುಗಳಲ್ಲಿ ಸವೆಸಿದ್ದೇನೆ. ಒಂದು, ಶಾಲಾ ಮಾಸ್ತರರಾಗಿದ್ದ ಅಪ್ಪ 1998ರಲ್ಲಿ ಕೊಂಡ ಮಾರುತಿ 800. ಇನ್ನೊಂದು, 2021ರಲ್ಲಿ ನಾನು ಸಾಲ ಮಾಡಿ ಕೊಂಡದ್ದು.

796 ಸಿಸಿಯ, ಮೂರು ಸಿಲಿಂಡರಿನ ಆ ಪುಟ್ಟ ಎಂಜಿನ್ನಿಗೆ ಕಾರ್ಬ್ಯುರೇಟರ್ ಇತ್ತು. ಚಳಿಗಾಲದ ಬೆಳಗ್ಗೆ ಚೋಕ್ ಎಳೆಯದೆ ಅದು ಚಾಲೂ ಆಗುತ್ತಿರಲಿಲ್ಲ. ಎಷ್ಟು ಎಳೆಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಅಪ್ಪ ಕಿವಿಯಿಂದಲೇ ನಿರ್ಧರಿಸುತ್ತಿದ್ದರು. ಲೆಕ್ಕ ತಪ್ಪಿದರೆ ಪ್ಲಗ್ಗು ಪೆಟ್ರೋಲಿನಲ್ಲಿ ತೊಯ್ದು, ಕಾಯುತ್ತ ನಿಲ್ಲಬೇಕಾಗುತ್ತಿತ್ತು. ಹೊಸ ಕಾರಿನಲ್ಲಿ ಆ ಲೆಕ್ಕವನ್ನು ಸೆನ್ಸರುಗಳು ನೋಡಿಕೊಳ್ಳುತ್ತವೆ. ನನ್ನ ಪಾಲಿಗೆ ಉಳಿದದ್ದು ಗುಂಡಿ ಒತ್ತುವುದು.

ಹೋಲಿಕೆಯಲ್ಲಿ ಹಳೆಯದು ಸೋಲುತ್ತದೆ, ಮುಚ್ಚಿಡುವುದೇಕೆ? ಅದಕ್ಕೆ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಬಾಗಿಲಿನ ತಗಡು ಹೆಬ್ಬೆರಳಿಗೆ ಬಗ್ಗುತ್ತದೆ. ಕಬ್ಬಿನ ಲಾರಿಗಳು ಹಿಂದೀಪವಿಲ್ಲದೆ ನಿಂತಿರುವ ರಾತ್ರಿಯ ಹೆದ್ದಾರಿಯಲ್ಲಿ ಮಗಳನ್ನು ಅದರಲ್ಲಿ ಕೂರಿಸಲು ನನಗೆ ಧೈರ್ಯವಿಲ್ಲ. ಅಂದು ನಮ್ಮನ್ನೆಲ್ಲ ತುಂಬಿಕೊಂಡು ಹೊರಡುತ್ತಿದ್ದ ಅಪ್ಪನಿಗೆ ಈ ಭಯದ ಪರಿಚಯವೇ ಇರಲಿಲ್ಲ.

ತೊಡಕಾದದ್ದು ಅವ್ವನ ವಿಷಯದಲ್ಲಿ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಹೊಸ ಕಾರಿನಲ್ಲಿ ಕರೆತರುತ್ತಿದ್ದೆ. ಹಿಂದೆ ಕೂರಿಸಿ, ಬೆಲ್ಟ್ ಬಿಗಿದು, ಗಾಜೇರಿಸಿ ಎ.ಸಿ. ಹಾಕಿದ್ದೆ. "ಖಿಡಕಿ ತೆಗಿಯಪ್ಪಾ, ಉಸುರು ಕಟ್ಟತದ" ಎಂದಳು. ಮಗಳಿಗೆಂದು ಹಾಕಿದ್ದ ಗಾಜಿನ ಲಾಕ್ ಹಾಗೆಯೇ ಇತ್ತು. ಹಳೆಯ ಕಾರಿನಲ್ಲಿ ಅಪ್ಪನ ಪಕ್ಕದಲ್ಲಿ ಕೂತು, ತಾನೇ ಹಿಡಿಕೆ ತಿರುವಿ ಗಾಳಿ ಬಿಟ್ಟುಕೊಳ್ಳುತ್ತಿದ್ದವಳು ಈಗ ಮಗನನ್ನು ಕೇಳಬೇಕಾಯಿತು.

2023ರ ಏಪ್ರಿಲ್‌ನಿಂದ 15 ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿ ರದ್ದಾಯಿತು. ನಮ್ಮ ಕಚೇರಿಯ ಜೀಪಿನ ಕಡತಕ್ಕೆ ಟಿಪ್ಪಣಿ ಬರೆದವನು ನಾನೇ. ಎರಡು ಸಾಲು ಸಾಕಾದವು. ಅದೇ ವರ್ಷ, ಎರಡು ಸಲ ನವೀಕರಿಸಿದ್ದ ಅಪ್ಪನ ಕಾರಿನ ನೋಂದಣಿಯೂ ಮುಗಿಯಿತು. ಖಾಸಗಿ ಕಾರಿಗೆ ಮತ್ತೆ ಐದು ವರ್ಷದ ಅವಕಾಶವಿತ್ತು. ಶುಲ್ಕ 5000 ರೂಪಾಯಿ. ಗುಜರಿಗೆ ಕೊಡುವುದೇ ಲೇಸೆಂದು ತೀರ್ಮಾನಿಸಿ ಬೀದರಿಗೆ ಹೋದೆ.

ಅವ್ವ ವಾದಿಸಲಿಲ್ಲ. ಅಂಗಳದಲ್ಲಿದ್ದ ಕಾರಿನ ಎಡಬಾಗಿಲು ತೆಗೆದು ಕೂತಳು, ಗಾಜು ಇಳಿಸಿದಳು.

"ಮೊದಲ ಚೋಕ್ ಎಳಿ. ಆಮ್ಯಾಲ ಮಾತಾಡೂಣು."

ಮೂರನೆಯ ಸಲಕ್ಕೆ ಚಾಲೂ ಆಯಿತು. ನೋಂದಣಿ ಮಾಡಿಸಿದೆ, ಊರೊಳಗೆ, ಹೆಚ್ಚೆಂದರೆ ಪಾಪನಾಶದ ಗುಡಿಯವರೆಗೆ ಮಾತ್ರ ಎಂಬ ಕರಾರಿನ ಮೇಲೆ.