ನಾಲೆಯ ಕೊನೆಯವರು

ಮಳವಳ್ಳಿ ಕಡೆಯ ನಮ್ಮೂರು ವಿ.ಸಿ. ನಾಲೆಯ ಕೊನೆಯಲ್ಲಿದೆ. ಕನ್ನಂಬಾಡಿಯಲ್ಲಿ ಬಿಟ್ಟ ನೀರು ಮಂಡ್ಯ, ಮದ್ದೂರು ಸೀಮೆಯ ಗದ್ದೆಗಳನ್ನು ತೋಯಿಸಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಎಷ್ಟೋ ಸಲ ಕಟ್ಟು ನೀರಿನ ಸರದಿಯೇ ಮುಗಿದಿರುತ್ತದೆ. ಮಂಡ್ಯದ ಹಾಸ್ಟೆಲಿನಿಂದ ಫೋನು ಮಾಡಿ "ನೀರು ಬಂತಾ ಅಪ್ಪಾ?" ಎಂದರೆ, "ಬಂದದಂತೆ ಕಣವ್ವ, ಮೇಲ್ಗಡೆಗೆ" ಎನ್ನುತ್ತಿದ್ದ.

ಆ ವರ್ಷ ಎಂ.ಎಸ್ಸಿ. ತರಗತಿಯಲ್ಲಿ ಮೇಡಂ ಒಂದು ಚಿತ್ರ ತೋರಿಸಿದರು. ಬಳೆಯೊಳಗೊಂದು ಬಳೆ ಇಟ್ಟಂಥ ಪ್ರೋಟೀನ್. ನಡುವೆ ಎಲೆಗಳಂತೆ ಹಸಿರು ಕಣಗಳು. ಹೆಸರು ಎಲ್‌ಎಚ್2. ನೇರಳೆ ಬ್ಯಾಕ್ಟೀರಿಯಾ ಬೆಳಕು ಹಿಡಿಯುವ ಬಲೆ ಅದು. ಕಬ್ಬಿನ ಪಾಕ ಸಕ್ಕರೆಯಾಗುವಂತೆ ಪ್ರೋಟೀನನ್ನೂ ಹರಳುಗಟ್ಟಿಸಿ, ಎಕ್ಸ್-ಕಿರಣ ಹಾಯಿಸಿ, ಅದು ಚದುರಿದ ಬಗೆಯಿಂದ ಒಳಗಿನ ಜೋಡಣೆಯನ್ನು ಲೆಕ್ಕ ಹಾಕುತ್ತಾರೆ. ಜೀವಕೋಶದ ಕೊಬ್ಬಿನ ಪೊರೆಯಲ್ಲಿ ಹುದುಗಿದ ಇಂಥ ಪ್ರೋಟೀನು ಸುಲಭಕ್ಕೆ ಹರಳಾಗದು. 1995ರಲ್ಲಿ ಗ್ಲಾಸ್ಗೋದ ವಿಜ್ಞಾನಿಗಳು ಇದರ ರಚನೆ ಬಿಡಿಸಿದಾಗ ಒಂದು ಉಂಗುರದಲ್ಲಿ 27 ಬ್ಯಾಕ್ಟೀರಿಯೋಕ್ಲೋರೋಫಿಲ್ ಕಂಡವು: ಒಂದು ಸುತ್ತಿನಲ್ಲಿ 9, ಇನ್ನೊಂದರಲ್ಲಿ 18.

"ಈ ಬಳಗದವು ಗದ್ದೆಯ ಕೆಸರಲ್ಲೂ ಇರುತ್ತವೆ" ಎಂದರು ಮೇಡಂ. ನಾನು ಬರೆಯುವುದನ್ನು ನಿಲ್ಲಿಸಿದೆ. ಮೇಲಿನ ಎಲೆ, ಪಾಚಿಗಳು ಕೆಂಪು, ನೀಲಿ ಬೆಳಕನ್ನು ಹೀರಿಕೊಂಡ ಮೇಲೆ ಉಳಿಯುವುದರಲ್ಲಿ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕೇ ಹೆಚ್ಚು. ಬೆಳಕಿನ ನಾಲೆಗೂ ಕೊನೆಯವರಿದ್ದಾರೆ! 9ರ ಸುತ್ತು 800 ನ್ಯಾನೋಮೀಟರಿನ ಬೆಳಕನ್ನೂ, 18ರ ಸುತ್ತು 850ರದನ್ನೂ ಹಿಡಿಯುತ್ತದೆ. ಮೊದಲನೆಯದು ಹಿಡಿದ ಶಕ್ತಿ ಎರಡನೆಯದಕ್ಕೆ ದಾಟಲು ಸಾಕು, ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು. ಅಲ್ಲಿಂದ ಎಲ್‌ಎಚ್1 ಎಂಬ ಇನ್ನೊಂದು ಉಂಗುರಕ್ಕೆ, ಅದರ ನಡುವಿನ ಕ್ರಿಯಾಕೇಂದ್ರಕ್ಕೆ. ಎಲ್‌ಎಚ್1ರವರೆಗೂ ಇಳಿಜಾರು. ಹಾಗಾಗಿ ಶಕ್ತಿ ಬಹುಮಟ್ಟಿಗೆ ದಾರಿಯಲ್ಲಿ ಪೋಲಾಗದೆ ಕೊನೆ ಮುಟ್ಟುತ್ತದೆ.

ಶನಿವಾರ ಮದ್ದೂರಿನ ಮೇಲೆ ಊರಿಗೆ ಹೊರಟೆ. ಕಿಟಕಿಯಾಚೆ ಹಸಿರು ಗದ್ದೆ, ಆಮೇಲೆ ತೆಳು ಹಸಿರು, ಆಮೇಲೆ ಬರೀ ಮಣ್ಣು. ಪರೀಕ್ಷೆ ಫೀಸು ಕಟ್ಟಲು ಒಂದೇ ವಾರವಿತ್ತು, ಕೇಳಲೆಂದೇ ಹೊರಟಿದ್ದೆ. ಅಪ್ಪ ಬದುವಿನ ಮೇಲೆ ಕೂತಿದ್ದ. ಫೀಸಿನ ಬದಲು ಬ್ಯಾಕ್ಟೀರಿಯಾದ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

"ಹಂಗಾದ್ರೆ ಅಲ್ಲಿ ರಾತ್ರಿ ತೂಬು ಎತ್ತೋರು ಇಲ್ಲ ಅನ್ನು."

"ಇಲ್ಲಪ್ಪ. ಬಂದದ್ದನ್ನ ಮುಂದಕ್ಕೆ ಕೊಡೋದೇ ಅವುಗಳ ಕೆಲಸ."

ಅಪ್ಪ ನಗಲಿಲ್ಲ. ಒಂದು ಹಿಡಿ ಮಣ್ಣೆತ್ತಿ ಅದುಮಿ ನೋಡಿದ. "ಭತ್ತ ಬ್ಯಾಡ ಅಂತ ರಾಗಿ ಚೆಲ್ಲಿವ್ನಿ ಕಣವ್ವ. ಇರೋ ತ್ಯಾವಕ್ಕೆ ಅದು ಬತ್ತದೆ" ಎಂದ. ಸ್ವಲ್ಪ ಹೊತ್ತು ಬಿಟ್ಟು, ತಲೆ ಎತ್ತದೆಯೇ ಕೇಳಿದ: "ಫೀಸು ಯಾವತ್ತು ಕಟ್ಬೇಕು?"