ವಿದ್ಧಚಿತ್ರದಿಂದ ಭಾವಚಿತ್ರದವರೆಗೆ

ನಮ್ಮ ಸಮಾಜದ ಯಾವ ಮನೆಯನ್ನು ಹೊಕ್ಕು ನೋಡಿದರೂ ಪಡಸಾಲೆಯ ಗೋಡೆಯ ಮೇಲೆ ಒಂದೆರಡು ಭಾವಚಿತ್ರಗಳು ಕಾಣದೆ ಇರಲಾರವು. ಮನೆತನದ ಹಿರಿಯರದೋ, ಲಿಂಗೈಕ್ಯರಾದ ಗುರುಗಳದೋ ಚಿತ್ರ ಅಲ್ಲಿರುತ್ತದೆ. ಹಬ್ಬಹುಣ್ಣಿಮೆಗಳಲ್ಲಿ ಅದನ್ನು ಒರೆಸಿ, ಹೂಮಾಲೆ ಹಾಕಿ, ಕೈಮುಗಿಯುತ್ತೇವೆ. ಆದರೆ ಆ ಮುಖವನ್ನು ಬಟ್ಟೆಯ ಮೇಲೆ ಮೂಡಿಸಿದ ಕೈ ಎಷ್ಟು ವರ್ಷ ಪಳಗಿತು, ಆ ಕಣ್ಣು ಏನೇನನ್ನು ನೋಡಲು ಕಲಿಯಿತು ಎಂಬ ವಿಚಾರ ಬಹುಮಂದಿಯ ಮನಸ್ಸಿಗೆ ಬರುವುದಿಲ್ಲ. ಕಳೆದ ವರ್ಷ ಒಬ್ಬ ಚಿತ್ರಕಲಾ ವಿದ್ಯಾರ್ಥಿಯ ಕಲಿಕೆಯನ್ನು ಹತ್ತಿರದಿಂದ ಕಾಣುವ ಯೋಗ ನಮಗೆ ಒದಗಿತು. ಅಲ್ಲಿ ಕಂಡುದನ್ನು ವಾಚಕ ಬಂಧುಗಳ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲು ಶಾಸ್ತ್ರದ ಒಂದು ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'. ಇದಕ್ಕೆ 'ಅಭಿಲಷಿತಾರ್ಥಚಿಂತಾಮಣಿ' ಎಂಬ ಹೆಸರೂ ಉಂಟು. ಶರಣರ ಕಲ್ಯಾಣವು ಬೆಳಗುವುದಕ್ಕೆ ತುಸು ಮೊದಲಿನ ಕಾಲವದು. ಆ ಗ್ರಂಥದಲ್ಲಿ ಗೋಡೆಯನ್ನು ಹದಗೊಳಿಸುವ ಬಗೆ, ಬಣ್ಣ, ಕುಂಚ ಇವೆಲ್ಲದರ ವಿವರಣೆಯಿದೆ. ಚಿತ್ರದ ಪ್ರಭೇದಗಳೂ ಇವೆ. ಕನ್ನಡಿಯೊಳಗಿನ ಪ್ರತಿಬಿಂಬದಂತೆ ಇದ್ದುದನ್ನು ಇದ್ದಂತೆ ತೋರುವುದು ವಿದ್ಧಚಿತ್ರ. ನೋಡಿದ ಮಾತ್ರಕ್ಕೆ ನೋಡುಗರಲ್ಲಿ ಭಾವವನ್ನು ಎಚ್ಚರಿಸುವುದು ಭಾವಚಿತ್ರ. ಇಂದು ನಾವು ವ್ಯಕ್ತಿಯೊಬ್ಬರ ಹೋಲಿಕೆಯ ಚಿತ್ರಕ್ಕೆಲ್ಲ ಭಾವಚಿತ್ರವೆಂದೇ ಕರೆಯುತ್ತೇವೆ. ಸೋಮೇಶ್ವರನ ಲೆಕ್ಕದಲ್ಲಿ ಅವುಗಳಲ್ಲಿ ಹೆಚ್ಚಿನವು ವಿದ್ಧಚಿತ್ರಗಳು. ಈ ಎರಡರ ನಡುವಿನ ದಾರಿ ಎಷ್ಟು ದೂರದ್ದೆಂಬುದು ಆ ಹುಡುಗನ ಮುಂದೆ ಕುಳಿತಾಗಲೇ ನಮಗೆ ಚೆನ್ನಾಗಿ ಮನದಟ್ಟಾಯಿತು.

ಹುಡುಗನು ಗದಗ ಸೀಮೆಯ ಒಕ್ಕಲುತನದ ಮನೆಯವನು. ತಂದೆ ಮಠದ ಸದ್ಭಕ್ತರು, ನಮಗೆ ಬಹುಕಾಲದ ಪರಿಚಿತರು. ಧಾರವಾಡದಲ್ಲಿ ಚಿತ್ರಕಲೆ ಕಲಿಯುತ್ತಿದ್ದ ಅವನು ಒಂದು ಭಾನುವಾರ ನಮ್ಮಲ್ಲಿಗೆ ಬಂದು, "ಅಜ್ಜಾರ, ವಯಸ್ಸಾದ ಮುಖ ಬರೀಬೇಕು ಅಂತ ನಮ್ಮ ಮಾಸ್ತರು ಹೇಳ್ಯಾರ. ಎರಡು ತಾಸು ಅಲುಗಾಡದಂಗ ಕುಂದ್ರವ್ರು ಯಾರೂ ಸಿಗವಲ್ರು. ತಾವು ಕುಂದ್ರತೀರೇನ್ರಿ?" ಎಂದು ಕೇಳಿದನು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ವ್ಯಾಕರಣದ ಮುಂದೆ ಗಂಟೆಗಟ್ಟಲೆ ಕುಳಿತು ರೂಢಿಯಾದ ದೇಹ ನಮ್ಮದು. ಒಪ್ಪಿಕೊಂಡೆವು. ಹೀಗೆ ಒಂಬತ್ತು ಭಾನುವಾರಗಳು ಸಂದವು.

ತೈಲವರ್ಣವೆಂದರೆ ಪರದೇಶದ ವಸ್ತುವೆಂದು ಅನೇಕರು ತಿಳಿದಿದ್ದಾರೆ. ಅದರ ಪ್ರೌಢಿಮೆ ಸಾಧಿತವಾದುದು 15ನೆಯ ಶತಮಾನದ ಯೂರೋಪಿನಲ್ಲಿ ಎಂಬುದು ನಿಜ. ಆದರೆ ಅಫ್ಘಾನಿಸ್ಥಾನದ ಬಾಮಿಯಾನ್ ಗುಹೆಗಳ ಬೌದ್ಧ ಭಿತ್ತಿಚಿತ್ರಗಳಲ್ಲಿ 7ನೆಯ ಶತಮಾನದ ಹೊತ್ತಿಗೇ ಒಣಗುವ ಎಣ್ಣೆಯನ್ನು ಬಣ್ಣಕ್ಕೆ ಬಳಸಿದ್ದರೆಂಬುದನ್ನು 2008ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಇಂದಿನ ತೈಲವರ್ಣಕ್ಕೆ ಸಾಮಾನ್ಯವಾಗಿ ಜೀವಾಳವಾದುದು ಅಗಸೆ ಎಣ್ಣೆ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯ ಅಗಸೆಯೇ ಅದು! ಆ ಗಿಡದ ನಾರಿನಿಂದ ನೇಯ್ದ ಲಿನನ್ ಬಟ್ಟೆಯೇ ಉತ್ತಮವಾದ ಕ್ಯಾನ್ವಾಸು. ಅಗಸೆ ಎಣ್ಣೆಯು ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಮೇಲ್ಪದರ ಕೆಲವು ದಿನಗಳಲ್ಲಿ ಕೈಗೆ ಅಂಟದಂತಾದರೂ ಒಳಗೆಲ್ಲ ಒಣಗಲು ತಿಂಗಳುಗಳೇ ಬೇಕು. ಈ ನಿಧಾನವೇ ಮುಖ ಬರೆಯುವವನಿಗೆ ವರ. ಗಲ್ಲದ ಬೆಳಕನ್ನು ಕೆನ್ನೆಯ ನೆರಳಿನೊಳಗೆ ಮೆಲ್ಲಗೆ ಬೆರೆಸಲು, ತಪ್ಪಿದುದನ್ನು ಕೆರೆದು ತಿದ್ದಲು ಅದು ಅವಕಾಶ ಕೊಡುತ್ತದೆ.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಸಂಪಾದಿಸಿದವರ ಕಷ್ಟ ಸಾಮಾನ್ಯವಾದುದಲ್ಲ. 1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಚಿತ್ರಕಾರನು ತಿರುವಾಂಕೂರಿನ ಅರಮನೆಗೆ ಬಂದಾಗ ರಾಜಾ ರವಿವರ್ಮನಿಗೆ ಇಪ್ಪತ್ತು ವರ್ಷ. ಜೆನ್ಸನ್ ಕೈಹಿಡಿದು ಕಲಿಸಲಿಲ್ಲ. ತಾನು ಬರೆಯುವಾಗ ನೋಡಲು ಮಾತ್ರ ಬಿಟ್ಟನು. ನೋಡಿ ನೋಡಿಯೇ ಕಲಿತ ರವಿವರ್ಮನನ್ನು 1885ರಲ್ಲಿ ಮೈಸೂರು ಅರಮನೆಯವರು ಬರಮಾಡಿಕೊಂಡು ರಾಜಮನೆತನದವರ ಭಾವಚಿತ್ರಗಳನ್ನು ಬರೆಯಿಸಿದರು. ಮುಂದೆ ಈ ಭಾಗದ ತರುಣರಿಗೆ 1857ರಲ್ಲಿ ಆರಂಭವಾಗಿದ್ದ ಮುಂಬಯಿಯ ಜೆ.ಜೆ. ಕಲಾಶಾಲೆ ದಾರಿಯಾಯಿತು. ಅಲ್ಲಿ ಕಲಿತು ಬಂದ ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ ಕಲಾಶಾಲೆಯನ್ನು ಕಟ್ಟಿದರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಆ ಕಾರ್ಯವನ್ನು ಮಾಡಿದರು. ಕಲಬುರಗಿಯಲ್ಲಿ 1916ರಲ್ಲಿ ಜನಿಸಿದ ಎಸ್.ಎಂ. ಪಂಡಿತರು ಚಿತ್ರಕಲೆಯಿಂದ ನಾಡಿನಾಚೆಗೂ ಹೆಸರಾದರು. ಇಂತಹ ಹಿರಿಯರು ಹಾಕಿಕೊಟ್ಟ ಹಾದಿಯಲ್ಲಿ ನಮ್ಮ ಹುಡುಗನು ನಡೆಯತೊಡಗಿದ್ದನು.

ಮೊದಲ ಎರಡು ಭಾನುವಾರ ಅವನು ಬಣ್ಣವನ್ನು ಮುಟ್ಟಲೇ ಇಲ್ಲ; ಇದ್ದಿಲಿನ ಕಡ್ಡಿಯಿಂದ ಗೆರೆ ಹಾಕಿ ಹಾಕಿ ಒರೆಸಿದನು. ಮುಖದ ಅಳತೆಯೇ ಮೊದಲ ಪಾಠ. ನೆತ್ತಿಯಿಂದ ಗದ್ದದವರೆಗಿನ ಉದ್ದದ ಸರಿಯರ್ಧದಲ್ಲಿ ಕಣ್ಣುಗಳಿರುತ್ತವೆ. ಹೊಸಬರೆಲ್ಲ ಕಣ್ಣನ್ನು ತೀರ ಮೇಲಕ್ಕೆ ಬರೆದುಬಿಡುತ್ತಾರಂತೆ. ಕೂದಲಿನ ಅಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಅಲ್ಲಿಂದ ಗದ್ದ - ಈ ಮೂರೂ ಭಾಗಗಳು ಹೆಚ್ಚುಕಡಿಮೆ ಸಮ. ಇದನ್ನು ಕೇಳಿ ನಮಗೆ ನಮ್ಮ ಶಿಲ್ಪಶಾಸ್ತ್ರದ ತಾಲಮಾನ ನೆನಪಾಯಿತು. ಅಲ್ಲಿಯೂ ಮುಖದ ಉದ್ದವೇ ಅಳತೆಗೋಲು. ನವತಾಲ, ದಶತಾಲವೆಂದು ವಿಗ್ರಹದ ಎತ್ತರವನ್ನು ಅದರಿಂದಲೇ ಎಣಿಸುತ್ತಾರೆ. ವಿಗ್ರಹಕ್ಕೆ ಪ್ರಮಾಣವೇ ಸೌಂದರ್ಯ. ವ್ಯಕ್ತಿಯ ಚಿತ್ರಕ್ಕಾದರೋ, ಪ್ರಮಾಣವನ್ನು ಅರಿತ ಮೇಲೆ ಈ ಒಂದು ಮುಖ ಅದರಿಂದ ಎಲ್ಲಿ ಸರಿದಿದೆ ಎಂಬುದನ್ನು ಹಿಡಿಯಬೇಕು. ಆ ಸರಿದಿರುವಿಕೆಯಲ್ಲಿಯೇ ಹೋಲಿಕೆ ಅಡಗಿದೆ.

ಮೂರನೆಯ ವಾರ ಕಂದು ಬಣ್ಣವೊಂದನ್ನೇ ಟರ್ಪೆಂಟೈನ್‌ನಲ್ಲಿ ತೆಳುವಾಗಿ ಕಲಸಿ ಬೆಳಕು-ನೆರಳುಗಳನ್ನು ಮಾತ್ರ ಬಳಿದನು. ಅವನು ಪದೇ ಪದೇ ಕಣ್ಣು ಕಿರಿದು ಮಾಡಿ ನಮ್ಮನ್ನು ನೋಡುತ್ತಿದ್ದನು. ಹಾಗೆ ನೋಡಿದರೆ ಸುಕ್ಕು, ಕೂದಲುಗಳಂತಹ ಸಣ್ಣ ವಿವರಗಳು ಮರೆಯಾಗಿ ದೊಡ್ಡ ಬೆಳಕು, ದೊಡ್ಡ ನೆರಳು ಮಾತ್ರ ಉಳಿಯುತ್ತವೆ. ಮೊದಲು ಅವು ಸರಿಯಾದರೆ ಮುಖವು ದೂರದಿಂದಲೇ ಗುರುತು ಸಿಗುತ್ತದೆ. ಆಮೇಲೆ ಬಣ್ಣ. ಮೊದಲ ಪದರಗಳಲ್ಲಿ ಎಣ್ಣೆ ಕಡಿಮೆ, ಮೇಲಿನವುಗಳಲ್ಲಿ ಹೆಚ್ಚು ಇರಬೇಕೆಂಬುದು ಕಟ್ಟುನಿಟ್ಟಾದ ನಿಯಮ. ತಿರುವುಮುರುವಾದರೆ ಕೆಳಗಿನ ಪದರ ಒಣಗುವ ಮೊದಲೇ ಮೇಲಿನದು ಬಿಗಿದು, ಕಾಲಾಂತರದಲ್ಲಿ ಚಿತ್ರ ಸೀಳುಬಿಡುತ್ತದೆ. ಚರ್ಮದ ಬಣ್ಣವೆಂಬುದು ಒಂದು ಬಣ್ಣವಲ್ಲ ಎಂದು ಅವನ ಪ್ಯಾಲೆಟ್ಟಿನ ಮೇಲೆ ಕಂಡೆವು. ಹಣೆಯಲ್ಲಿ ಹಳದಿಯ ಛಾಯೆ, ಮೂಗು-ಕಿವಿಗಳಲ್ಲಿ ಕೆಂಪು, ಗಡ್ಡ ಬೋಳಿಸಿದ ಗದ್ದದಲ್ಲಿ ಬೂದು, ಕೊರಳಿನ ನೆರಳಿನಲ್ಲಿ ಹಸಿರಿನ ಸುಳಿವು.

ಐದನೆಯ ವಾರದಲ್ಲಿ ಅವನಿಗೆ ಒಂದು ತೊಡಕು ಎದುರಾಯಿತು. ನಮ್ಮ ಹಣೆಯ ವಿಭೂತಿಯನ್ನು ಕೊಳವೆಯಿಂದ ಹಿಂಡಿದ ಅಚ್ಚ ಬಿಳಿಯ ಬಣ್ಣದಿಂದ ಎಳೆದಿದ್ದನು. ಮೂರು ಕಾಗದದ ಪಟ್ಟಿಗಳನ್ನು ಅಂಟಿಸಿದಂತೆ ಅದು ಕಾಣುತ್ತಿತ್ತು. ಅವನ ಅಧ್ಯಾಪಕರು ಚಿತ್ರವನ್ನು ನೋಡಿ, "ಬೂದಿಯನ್ನು ಬರೆಯಬೇಡ, ಬೂದಿ ಹಚ್ಚಿದ ಹಣೆಯನ್ನು ಬರೆ" ಎಂದಷ್ಟೇ ಹೇಳಿದರಂತೆ. ಮುಂದಿನ ಭಾನುವಾರ ಅವನು ಒಂದು ತಾಸು ಕುಂಚವನ್ನೆತ್ತದೆ ಹಣೆಯನ್ನೇ ನೋಡುತ್ತ ಕುಳಿತನು. ನೆರಳಿನ ಕಡೆಗೆ ತಿರುಗಿದ ವಿಭೂತಿಯು ಬೆಳಕಿನಲ್ಲಿರುವ ಚರ್ಮಕ್ಕಿಂತ ಮಸುಕಾಗಿರುತ್ತದೆ. ಸುಕ್ಕು ಬಂದಲ್ಲಿ ಪಟ್ಟೆ ಮುರಿಯುತ್ತದೆ. ತೆಳುವಾದಲ್ಲಿ ಕೆಳಗಿನ ಮೈಬಣ್ಣ ಇಣುಕುತ್ತದೆ. ಇವನ್ನೆಲ್ಲ ಕಂಡುಕೊಂಡ ಮೇಲೆ ಬಿಳಿಗೆ ಕಂದು, ನೀಲಿಗಳನ್ನು ಬೆರೆಸಿ ಹಲವು ಬೂದುಗಳನ್ನು ಮಾಡಿಕೊಂಡನು. ಎಡಹುಬ್ಬಿನ ಮೇಲೆ ಕಿಟಕಿಯ ಬೆಳಕು ಬಿದ್ದ ಒಂದೇ ಕಡೆ ಶುಭ್ರವಾದ ಬಿಳಿಯನ್ನಿಟ್ಟನು. ಆ ಹಣೆಯ ಮೇಲೆ ವಿಭೂತಿ ಅಂದು ನಿಜವಾಗಿ ಕುಳಿತಿತು. ಬೆಳಗಾದರೆ ಭಸ್ಮವನ್ನು ಧರಿಸುವ ನಾವು ಅದರ ಬಣ್ಣವನ್ನು ಇಷ್ಟು ದೀರ್ಘವಾಗಿ ದಿಟ್ಟಿಸಿದುದು ಆ ದಿನವೇ.

ಕುಳಿತುಕೊಳ್ಳುವವರು ಸಿಗದ ದಿನ ಅವನು ಕನ್ನಡಿಯನ್ನಿಟ್ಟು ತನ್ನ ಮುಖವನ್ನೇ ಬರೆಯುತ್ತಿದ್ದನು. ಇದೂ ಹಳೆಯ ಪದ್ಧತಿಯೇ. ಹಾಲೆಂಡಿನ ರೆಂಬ್ರಾಂಟ್ (1606–1669) ತೈಲವರ್ಣದಲ್ಲಿಯೇ ನಲವತ್ತರಷ್ಟು ಸಲ ತನ್ನ ಮುಖವನ್ನು ಬರೆದುಕೊಂಡನು. ತಾರುಣ್ಯದ ಗರ್ವವನ್ನೂ ಮುಪ್ಪಿನ ಜೋತುಬಿದ್ದ ಕೆನ್ನೆಯನ್ನೂ ಒಂದೇ ಪ್ರಾಮಾಣಿಕತೆಯಿಂದ ತೋರಿಸಿದನು.

ಇಷ್ಟರಲ್ಲಿ ಹುಡುಗನ ತಂದೆ ನಮ್ಮನ್ನು ಕಾಣಲು ಬಂದರು. ಮಳೆ ಕೈಕೊಟ್ಟ ವರ್ಷ, ಊರಲ್ಲಿ ಸಾಲ. "ಅಜ್ಜಾರ, ನೀವರ ಅವಗ ಒಂದ್ ಮಾತ್ ಹೇಳ್ರಿ. ಮಂದಿ ಮಾರಿ ಬರಕೋತ ಕುಂತ್ರ ಹೊಟ್ಟಿ ತುಂಬತೈತೇನ್ರಿ? ಫೋನ್ ಹಿಡದ್ರ ಒಂದ್ ಕ್ಷಣದಾಗ ಫೋಟೋ ಬರ್ತದ" ಎಂದರು. ಆ ಮಾತಿನಲ್ಲಿ ತಿರಸ್ಕಾರವಿರಲಿಲ್ಲ, ಚಿಂತೆಯಿತ್ತು. ಮಗನನ್ನು ಆ ವರ್ಷವೇ ಕಾಲೇಜು ಬಿಡಿಸಿ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹಚ್ಚಬೇಕೆಂಬ ನಿರ್ಧಾರ ಅವರದಾಗಿತ್ತು. ನಾವು ವಾದಕ್ಕಿಳಿಯಲಿಲ್ಲ. ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. ತಾಯಿ ತೀರಿಕೊಂಡು ವರ್ಷವಾಗುತ್ತ ಬಂದಿದೆ. ಗುರುತಿನ ಚೀಟಿಯ ಮೇಲಿನ ಬೆರಳಗಲದ ಫೋಟೋ ಬಿಟ್ಟರೆ ಬೇರೇನೂ ಇಲ್ಲ. ಸ್ಟುಡಿಯೋದವರು ಅದನ್ನು ದೊಡ್ಡದು ಮಾಡಿಕೊಟ್ಟರೆ ಗುರುತೇ ಸಿಗಲಿಲ್ಲ. ಮಗನು ಬರೆದುಕೊಟ್ಟರೆ ಆದೀತು, ಆದರೆ ಮುಖವನ್ನು ಬೆಳ್ಳಗೆ ಮಾಡಿ, ಸುಕ್ಕು ತೆಗೆದು, ಕೊರಳಿಗೆ ಬಂಗಾರದ ಸರ ಹಾಕಿ ಬರೆಯಬೇಕು ಎಂದು.

ಹುಡುಗನು ಆ ಫೋಟೋವನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟನು. ಅವನ ಬಳಿ ಹಳೆಯ ನೋಟುಪುಸ್ತಕವೊಂದಿತ್ತು. ರಜೆಗೆ ಊರಿಗೆ ಹೋದಾಗಲೆಲ್ಲ ಆಯಿ ಶೇಂಗಾ ಸುಲಿಯುವಾಗ, ಕಟ್ಟೆಯ ಮೇಲೆ ಬತ್ತಿ ಹೊಸೆಯುವಾಗ, ತೂಕಡಿಸುವಾಗ ಅವನು ಪೆನ್ಸಿಲಿನಿಂದ ಗೀಚಿದ ಚಿತ್ರಗಳು ಅದರಲ್ಲಿದ್ದವು. ಹೊಲದ ಕೆಲಸ ಬಿಟ್ಟು ಗೀಚುತ್ತಾನೆಂದು ಅಂದು ಮನೆಯವರು ಗದರಿಸಿದ್ದರು. ಆ ಗೆರೆಗಳನ್ನು ಮುಂದಿಟ್ಟುಕೊಂಡು ಆರು ವಾರ ದುಡಿದನು. ಸುಕ್ಕು ತೆಗೆಯಲಿಲ್ಲ, ಬಂಗಾರ ತೊಡಿಸಲಿಲ್ಲ. ಪೊರೆ ಬಂದಿದ್ದ ಬಲಗಣ್ಣಿನ ಮಬ್ಬನ್ನೂ ಬಿಡಲಿಲ್ಲ. ತಲೆಯ ಮೇಲೆ ಇಳಕಲ್ ಸೀರೆಯ ಮಾಸಿದ ಸೆರಗು. ತುಟಿಯ ತುದಿಯಲ್ಲಿ, ಮೊಮ್ಮಗನನ್ನು ಕರೆಯಲು ಹೊರಟಂತಹ ಒಂದು ಸಣ್ಣ ಚಲನೆ.

ವರ್ಷದ ಪುಣ್ಯತಿಥಿಯಂದು ನಾವೂ ಆ ಮನೆಗೆ ಹೋಗಿದ್ದೆವು. ಬಟ್ಟೆ ಸರಿಸಿದಾಗ ತಂದೆ ಏನೂ ಮಾತನಾಡಲಿಲ್ಲ. ಬಹಳ ಹೊತ್ತು ನಿಂತಿದ್ದು, ಕೊನೆಗೆ ಮಗನ ಕಡೆ ತಿರುಗದೆಯೇ, "ಅವ್ವ ಹಿಂಗ ನೋಡೂದನ್ನ ನೀ ಯಾವಾಗ ನೋಡಿದ್ಯೋ?" ಎಂದು ಕೇಳಿದರು. ಬೆಳ್ಳಗಿನ ಬಣ್ಣದ ಮಾತನ್ನಾಗಲಿ ಬಂಗಾರದ ಮಾತನ್ನಾಗಲಿ ಯಾರೂ ಎತ್ತಲಿಲ್ಲ. ಸಾಲ ಹಾಗೆಯೇ ಇದೆ. ಆದರೆ ಹುಡುಗನು ಕಾಲೇಜು ಬಿಡಲಿಲ್ಲ. ಸಂಜೆ ಎರಡು ಮನೆಗಳ ಮಕ್ಕಳಿಗೆ ಚಿತ್ರ ಹೇಳಿಕೊಟ್ಟು ತನ್ನ ಬಣ್ಣದ ಖರ್ಚನ್ನು ತಾನೇ ನೋಡಿಕೊಳ್ಳುತ್ತಿದ್ದಾನೆ. ಉಳಿದ ಎರಡು ವರ್ಷ ಓದಿಸಲು ತಂದೆ ಒಪ್ಪಿದ್ದಾರೆ.

ಫೋಟೋ ಒಂದು ಕ್ಷಣದ ಮುಖವನ್ನು ಹಿಡಿಯುತ್ತದೆ. ಅದಕ್ಕೂ ಅದರ ಬೆಲೆಯಿದೆ. ಆದರೆ ಚಿತ್ರಕಾರನು ವಾರಗಟ್ಟಲೆ, ತಿಂಗಳುಗಟ್ಟಲೆ ನೋಡಿದ ನೋಟವೆಲ್ಲ ಒಂದು ಮುಖದಲ್ಲಿ ಸೇರುತ್ತದೆ. ಒಬ್ಬರನ್ನು ಇದ್ದಂತೆಯೇ, ಮೆಚ್ಚಿಸುವ ಹಂಗಿಲ್ಲದೆ, ಅಷ್ಟು ಹೊತ್ತು ನೋಡುವುದು ಗೌರವದ ಒಂದು ರೂಪ. ವಿದ್ಧಚಿತ್ರವು ಭಾವಚಿತ್ರವಾಗುವುದು ಆ ತಾಳ್ಮೆಯಿಂದಲೇ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಕೊನೆಯಲ್ಲಿ ಮನೆಮಂದಿಗೆ ಕೆಲವು ಸೂಚನೆಗಳು. ತೈಲವರ್ಣದ ಚಿತ್ರವನ್ನು ನೇರ ಬಿಸಿಲಿಗಾಗಲಿ, ದೀಪ-ಊದಿನಕಡ್ಡಿಗಳ ಹೊಗೆ ತಾಕುವಲ್ಲಾಗಲಿ ತೂಗುಹಾಕಬಾರದು. ಒದ್ದೆ ಬಟ್ಟೆಯಿಂದ ಒರೆಸಬಾರದು. ಚಿತ್ರದ ಮೇಲೆಯೇ ವಿಭೂತಿ-ಕುಂಕುಮ ಹಚ್ಚದೆ ಚೌಕಟ್ಟಿಗೆ ಹಚ್ಚಬೇಕು. ಹೊಸ ಚಿತ್ರಕ್ಕೆ ವಾರ್ನಿಷ್ ಬಳಿಯಲು ಆರು ತಿಂಗಳಿಂದ ಒಂದು ವರ್ಷ ಕಾಯುವುದು ರೂಢಿ. ಮನೆಯಲ್ಲಿ ಕಲಿಯುವ ಮಕ್ಕಳಿದ್ದರೆ ಕಿಟಕಿ ತೆರೆದು ಕೆಲಸ ಮಾಡಲು ಹೇಳಿರಿ. ಅಗಸೆ ಎಣ್ಣೆ ಹೀರಿದ ಬಟ್ಟೆಚೂರುಗಳನ್ನು ಮುದ್ದೆ ಮಾಡಿ ಒಗೆಯಬಾರದು. ಅವು ತಾವಾಗಿಯೇ ಕಾವೇರಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರವಿ, ಮನೆಯ ಹೊರಗೆ ಒಣಗಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಇದು. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಕಾಗದ ಹಿಡಿದು ಬಂದು "ಸ್ವಲ್ಪ ಹೊತ್ತು ಕುಂದ್ರಿ" ಎಂದರೆ, ಹಿರಿಯರಾದವರು ಕೆಲಸದ ನೆಪ ಹೇಳದೆ ಕುಳಿತುಕೊಳ್ಳಿರಿ. ನಿಮ್ಮ ಮುಖ ಅವರಿಗೆ ಪಾಠವಾಗುತ್ತದೆ. ಮುಂದೊಂದು ದಿನ ಆ ಪಾಠವೇ ಮನೆಯವರೆಲ್ಲರ ಪಾಲಿನ ಆಸ್ತಿಯಾಗುತ್ತದೆ.