ಜ್ವರ ಬಂದ ಬೋರ್ಡು

ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ವರು ಆರಿಸಿಕೊಂಡಿದ್ದು ರೇಷ್ಮೆ ಹುಳು ಮನೆಯ ಉಷ್ಣಾಂಶ, ತೇವಾಂಶ ಅಳೆಯೋ ಬೋರ್ಡು. ನಮ್ಮಲ್ಲೊಬ್ಬನ ಊರು ಕನಕಪುರದ ಪಕ್ಕದ ಹಳ್ಳಿ. ಅವನ ಕಾಲೇಜು ಫೀಸು ಬರೋದೇ ರಾಮನಗರದ ಗೂಡಿನ ಮಾರುಕಟ್ಟೆಯಿಂದ.

ಮೊದಲ ಬೋರ್ಡನ್ನ ಸೋಲ್ಡರಿಂಗ್ ಮುಗಿದ ತಕ್ಷಣ 12 ವೋಲ್ಟ್ ಅಡಾಪ್ಟರ್‌ಗೆ ಸಿಕ್ಕಿಸಿದ್ವಿ. 'ಟಪ್' ಅಂತು. ಟ್ಯಾಂಟಲಮ್ ಕೆಪಾಸಿಟರ್ ಉಲ್ಟಾ ಕೂತಿತ್ತು.

ಎರಡನೇದಕ್ಕೆ ಬುದ್ಧಿ ಬಂತು. ಪವರ್ ಕೊಡೋ ಮೊದಲೇ ಮಲ್ಟಿಮೀಟರ್ ಹಿಡಿದು 3.3 ವೋಲ್ಟ್ ಲೈನಿಗೂ ಗ್ರೌಂಡಿಗೂ ಶಾರ್ಟ್ ಇದೆಯಾ ನೋಡಿದ್ವಿ. ಬೀಪ್! ಎರಡು ಪಿನ್ ನಡುವೆ ಕೂದಲೆಳೆಯಷ್ಟು ಸೋಲ್ಡರ್. ಅದನ್ನ ತೆಗೆದು, ಇಎಸ್‌ಪಿ32 ಮಾಡ್ಯೂಲ್ ಇನ್ನೂ ಹಾಕದೆ, ಕರೆಂಟ್ ಮಿತಿ 50 ಮಿಲಿಆಂಪ್‌ಗೆ ಇಟ್ಟು ಆನ್ ಮಾಡಿದ್ವಿ. ರೆಗ್ಯುಲೇಟರ್ ಔಟ್‌ಪುಟ್ 3.29 ವೋಲ್ಟ್. ಆಮೇಲೆ ಮಿತಿ ಏರಿಸಿ ಮಾಡ್ಯೂಲ್ ಕೂರಿಸಿ, ಐದು ನಿಮಿಷ ಓಡಿಸಿ 'ಪಾಸ್' ಅಂತ ಬರೆದುಕೊಂಡ್ವಿ.

ಗೆಳೆಯನ ಮನೆಗೆ ಹೋದಾಗ ಹುಳು ನಾಲ್ಕನೇ ಜ್ವರ ಎದ್ದಿತ್ತು. ಈ ಹಂತದಲ್ಲಿ 24–25 ಡಿಗ್ರಿ ಇರಬೇಕು. ರಾತ್ರಿ ನಮ್ಮ ಬೋರ್ಡು 31 ತೋರಿಸ್ತು. ಗಾಬರಿಯಾಗಿ ಕಿಟಕಿ ತೆಗೆಯೋಕೆ ಓಡಿದ್ವಿ. ಅವರಮ್ಮ ತಡೆದರು. ಗೋಡೆಯ ಹಳೇ ಥರ್ಮಾಮೀಟರ್ ತೋರಿಸಿ, "ಇಲ್ನೋಡ್ರಪ್ಪ, ಇಪ್ಪತ್ತೈದೇ ಐತೆ. ಹುಳ ಜ್ವರ ಎದ್ದೈತೆ, ಈಗ ನಿಮ್ ಬೋರ್ಡಿಗೇ ಜ್ವರ ಬಂದಿರ್ಬೇಕು" ಅಂದರು.

ನಾವು ನಕ್ಕು, ಬೋರ್ಡು ಮುಟ್ಟಿ ನೋಡಿದ್ವಿ. ರೆಗ್ಯುಲೇಟರ್ ಸುಡ್ತಿತ್ತು! ಸೆನ್ಸರ್ ಅದರ ಪಕ್ಕದಲ್ಲೇ ಇತ್ತು. 12 ವೋಲ್ಟನ್ನ 3.3ಕ್ಕೆ ಇಳಿಸುವಾಗ ಉಳಿದ 8.7 ವೋಲ್ಟ್, ಅಲ್ಲಿ ಹರಿಯೋ ಸುಮಾರು 80 ಮಿಲಿಆಂಪ್: ಹೆಚ್ಚುಕಮ್ಮಿ 0.7 ವ್ಯಾಟ್ ಬರೀ ಬಿಸಿ. ಲ್ಯಾಬಿನ ಐದು ನಿಮಿಷದಲ್ಲಿ ಅದು ಗೊತ್ತಾಗಿರಲಿಲ್ಲ. ಅಮ್ಮ ತಡೆಯದಿದ್ದರೆ ರಾತ್ರಿಯ ತಣ್ಣನೆ ಗಾಳಿಗೆ ಹುಳು ಸೊಪ್ಪು ತಿನ್ನೋದು ಕಮ್ಮಿ ಮಾಡ್ತಿತ್ತು. ಗೂಡಿನ ತೂಕದ ಜೊತೆ ಗೆಳೆಯನ ಫೀಸೂ ಹೋಗ್ತಿತ್ತು.

ಈಗ 12ರ ಬದಲು 5 ವೋಲ್ಟ್ ಚಾರ್ಜರ್ ಹಾಕಿದ್ದೀವಿ. ಸೆನ್ಸರ್ ಒಂದು ಮೀಟರ್ ವೈರಿನ ತುದಿಯಲ್ಲಿದೆ. ನಮ್ಮ ಟೆಸ್ಟ್ ಪಟ್ಟಿಗೂ ಎರಡು ಸಾಲು ಸೇರಿವೆ: ಮುಚ್ಚಳ ಹಾಕಿ ಎರಡು ಗಂಟೆ ಓಡಿಸಿ, ಬೇರೆ ಥರ್ಮಾಮೀಟರ್ ಪಕ್ಕದಲ್ಲಿಟ್ಟು ಹೋಲಿಸಿ.

ಅಮ್ಮ ಮಾತ್ರ ಗೋಡೆಯ ಥರ್ಮಾಮೀಟರ್ ಇನ್ನೂ ತೆಗೆದಿಲ್ಲ. ತೆಗೀರಿ ಅಂತ ಹೇಳೋ ಧೈರ್ಯ ನಮಗೂ ಇಲ್ಲ.